ಫೋಟೋದಲ್ಲಿ ಬಿದ್ದ ಕೈ

"ಆ ಕೈಯೊಂದನ್ನ ಅಳಿಸಿಬಿಡು, ಮುಗೀತು," ಎಂದ ಅಣ್ಣ, ತಂಗಿಯ ಕುರ್ಚಿಯ ಹಿಂದೆ ನಿಂತು.

ಕಂಪ್ಯೂಟರಿನ ಪರದೆಯ ಮೇಲೆ ಅಮ್ಮ, ಮಾರಾಟಕ್ಕೆ ಬಂದ ಮಡಚುವ ಸ್ಟೂಲಿನ ಮೇಲೆ ನಿಂತು ಅಟ್ಟದ ಡಬ್ಬಿಗೆ ಕೈಚಾಚಿ ನಗುತ್ತಿದ್ದಳು. ಕೆಳಗೆ ಸ್ಟೂಲಿನ ಹಿಂದಿನ ಕಾಲನ್ನು ನಾಲ್ಕು ಬೆರಳು ಬಿಗಿಯಾಗಿ ಹಿಡಿದಿದ್ದವು. ಅವು ತಂಗಿಯವೇ. ಬೆಳಿಗ್ಗೆ ಅಣ್ಣ ಹೊರಗೆ ಹೋಗಿದ್ದಾಗ ಅಮ್ಮ ಹತ್ತಿದೊಡನೆ ಸ್ಟೂಲು ವಾಲಿತ್ತು. ತಂಗಿ ಕ್ಯಾಮೆರಾಕ್ಕೆ ಟೈಮರ್ ಇಟ್ಟು, ತಾನೇ ಹೋಗಿ ಹಿಡಿದಿದ್ದಳು.

ಅಣ್ಣನ ಆನ್‌ಲೈನ್ ಅಂಗಡಿಯ ಫೋಟೋಗಳೆಲ್ಲ ಅವಳ ಕೈಕೆಲಸ. ಗೋಡೆಯ ಕಲೆ, ಕುಕ್ಕರಿನ ಗೀರು, ಬೆಡ್‌ಶೀಟಿನ ಸುಕ್ಕು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಅಳಿಸಿದವಳು, ಸತ್ಯಸಂಧೆಯೇನಲ್ಲ. ಈ ಬೆರಳುಗಳ ಹತ್ತಿರ ಬಂದಾಗ ಮಾತ್ರ ಕೈ ಮುಂದೆ ಹೋಗಲಿಲ್ಲ.

ಅಣ್ಣ ಇದ್ದ ಕೆಲಸ ಬಿಟ್ಟು ಈ ಅಂಗಡಿಗೆ ಇಳಿದವನು. ಹಾಲ್ ತುಂಬ ಸ್ಟೂಲಿನ ಪೆಟ್ಟಿಗೆಗಳು. ಬಾಗಿಲು ಪೂರ್ತಿ ತೆರೆಯುವುದಕ್ಕೂ ಜಾಗವಿಲ್ಲ. ಇವು ಖಾಲಿಯಾಗದಿದ್ದರೆ ಅಂಗಡಿ ಮುಚ್ಚಬೇಕು, ಸಂಜೆಯೊಳಗೆ ಫೋಟೋ ಹಾಕಲೇಬೇಕು ಎಂದು ಬಂದಾಗಿನಿಂದ ಅದೇ ರಾಗ. ಮಾಲು ಗಟ್ಟಿಯಾಗೇ ಇದೆ, ನಮ್ಮನೆ ನೆಲವೇ ಸಮ ಇಲ್ಲ ಎಂದ.

"ಹಿಡ್ಕೊಳ್ಳೋಕೆ ಯಾರೂ ಇಲ್ದೋರೇ ಕಣಣ್ಣ ಇದನ್ನ ತರಿಸ್ಕೊಳ್ಳೋದು," ಎಂದಳು. "ನಾನು ಅಳಿಸಲ್ಲ."

"ಹಾಗಾದ್ರೆ ಹಿಡೀದೆ ಇನ್ನೊಂದು ತೆಗಿ."

ತಂಗಿಗೆ ಸಿಟ್ಟು ನೆತ್ತಿಗೇರಿತು. ಆಗಲಿ ಎಂದು ಹಠಕ್ಕೆ ಬಿದ್ದು ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ಇಬ್ಬರ ನಡುವೆ ಸಿಕ್ಕಿ ಸಾಕಾಗಿದ್ದ ಅಮ್ಮ, ನಿಮ್ಮ ಜಗಳ ಮುಗಿಯುವಷ್ಟರಲ್ಲಿ ನನಗೆ ಇನ್ನಷ್ಟು ವಯಸ್ಸಾಗುತ್ತದೆ ಎಂದು ಗೊಣಗುತ್ತ ಹತ್ತಿಯೇಬಿಟ್ಟಳು. ಮೇಲೆ ನಿಂತು, ಡಬ್ಬಿಯತ್ತ ಕೈ ಎತ್ತಿದಳು.

ಸ್ಟೂಲು ಕಟಕ್ ಎಂದಿತು. ತಂಗಿಗೆ ತನ್ನ ಹಠದ ಬಗ್ಗೆಯೇ ನಾಚಿಕೆಯಾಯಿತು. ಕ್ಯಾಮೆರಾ ಬಿಟ್ಟು ಓಡಬೇಕು ಎನ್ನುವಷ್ಟರಲ್ಲಿ ಬೆರಳು ಗುಂಡಿ ಒತ್ತಿಬಿಟ್ಟಿತ್ತು.

ಕ್ಯಾಮೆರಾದಲ್ಲಿ ಹೊಸ ಫೋಟೋ ಮೂಡಿತು. ಅಮ್ಮ ಬಿದ್ದಿರಲಿಲ್ಲ. ಕೆಳಗೆ ಅಣ್ಣ ಮಂಡಿಯೂರಿ, ಸ್ಟೂಲಿನ ಕಾಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ಬಾಯಿ ತೆರೆದು ಅಮ್ಮನ ಮುಖವನ್ನೇ ನೋಡುತ್ತಿದ್ದ.

"ಅಳಿಸ್ಲಾ?" ಎಂದು ತಂಗಿ ಮೆಲ್ಲಗೆ ಕೇಳಿದಳು.

ಅಮ್ಮ ಇಳಿದು ಅಡುಗೆಮನೆಗೆ ಹೋಗಿಯೂ ಆಗಿತ್ತು. ಅಣ್ಣ ಇನ್ನೂ ಸ್ಟೂಲಿನ ಕಾಲು ಬಿಟ್ಟಿರಲಿಲ್ಲ.