ನನ್ನ ಪಾಲಿನ ವಿಶ್ರಾಂತಿ

ಕೋಚ್ ನನಗೆ ತೆಗೆದುಕೊಳ್ಳಲು ಹೇಳಿದ ವಿಶ್ರಾಂತಿಯನ್ನು ನನ್ನ ಮನೆಯವರು ಹಂಚಿಕೊಂಡು ಮುಗಿಸಿದರು. ನನಗೆ ಚೂರೂ ಉಳಿಸಲಿಲ್ಲ. ಕೇಳಿದವರು ನಗುತ್ತಾರೆ. ನಗಲಿ, ನಗುವವರಿಗೇನು, ಅವರ ಮೊಣಕಾಲು ಚೆನ್ನಾಗಿರುತ್ತದೆ.

ನಾನು ಅಗ್ನಿಶಾಮಕ ಠಾಣೆಯ ಫೋನ್ ಕೋಣೆಯಲ್ಲಿ ಕೆಲಸ ಮಾಡುವವಳು. "ಎಲ್ಲಿ? ಎಷ್ಟನೇ ಮಹಡಿ? ಒಳಗೆ ಯಾರಾದ್ರೂ ಇದ್ದಾರಾ?" ಎಂದು ಕೇಳುವುದು, ಗಂಟೆ ಒತ್ತುವುದು, ಕೆಂಪು ಗಾಡಿ ಗೇಟು ದಾಟುವುದನ್ನು ಕಿಟಕಿಯಿಂದ ನೋಡುವುದು, ಇಷ್ಟೇ. ಗಾಡಿ ಹೋದ ಮೇಲೆ ಆ ಕೋಣೆಯಲ್ಲಿ ನಾನು, ಫೋನು, ಗೋಡೆಯ ಮೇಲೊಂದು ಹಲ್ಲಿ. ಆ ಗಾಡಿಯಲ್ಲಿ ನಾನೂ ಹೋಗಬೇಕು ಎಂಬ ಆಸೆ ಹೊಟ್ಟೆಯಲ್ಲಿ ಕೂತು ವರ್ಷಗಳೇ ಆದವು. ಅದಕ್ಕೊಂದು ಪರೀಕ್ಷೆ ಇದೆ. ಠಾಣೆಯ ಹಿತ್ತಲಲ್ಲಿ ಮೆಟ್ಟಿಲು ಬಿಟ್ಟರೆ ಬೇರೇನೂ ಇಲ್ಲದ ಒಂದು ಸಿಮೆಂಟಿನ ಗೋಪುರ ನಿಂತಿದೆ. ಮರಳು ತುಂಬಿದ ಕ್ಯಾನ್ವಾಸಿನ ಮನುಷ್ಯನೊಬ್ಬನಿದ್ದಾನೆ, ಅವನನ್ನು ಎಲ್ಲರೂ ದಪ್ಪಣ್ಣ ಎನ್ನುತ್ತಾರೆ. ದಪ್ಪಣ್ಣನನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಹತ್ತಬೇಕು, ಇಳಿಯಬೇಕು, ಆಮೇಲೆ ಕುರ್ಚಿಯಲ್ಲಿ ಕೂರಬೇಕು. ಠಾಣೆಯ ಸಾಹೇಬರು ಮಣಿಕಟ್ಟು ಹಿಡಿದು ನೋಡುತ್ತಾರೆ. ಓಡುತ್ತಿರುವ ನಾಡಿ ಅವರು ಕೊಟ್ಟ ಹೊತ್ತಿನೊಳಗೆ ತಣ್ಣಗಾಗಬೇಕು. ಆಗದಿದ್ದರೆ ದಪ್ಪಣ್ಣನನ್ನು ಆಕಾಶಕ್ಕೇ ಹೊತ್ತು ಹೋಗಿದ್ದರೂ ಫೇಲು. ವಯಸ್ಸಿನ ಲೆಕ್ಕದಲ್ಲಿ ನನಗಿದು ಕೊನೆಯ ಅವಕಾಶ. ಈ ಸಲ ತಪ್ಪಿದರೆ ನಾನು ಮತ್ತು ಹಲ್ಲಿ.

ಅದಕ್ಕೇ ತಾಲೀಮಿಗೆ ಸೇರಿದೆ. ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಯಾವಾಗಲೂ ರಬ್ಬರಿನ ವಾಸನೆ. ಕೋಚ್ ಒಂದು ಕಾಲದಲ್ಲಿ ಭಾರ ಎತ್ತಿ ಪದಕ ತಂದ ಹೆಂಗಸು. ಮಾತಿಗೊಮ್ಮೆ "ನಿಧಾನ" ಎನ್ನುವುದರಿಂದ ಎಲ್ಲರ ಬಾಯಲ್ಲೂ ಆಕೆ ನಿಧಾನಮ್ಮ. ಮೊದಲು ಬರೀ ಕೋಲು ಎತ್ತಿಸಿದರು. ನನಗೆ ಸಿಟ್ಟು ಬಂತು. "ಕೋಲು ಎತ್ತೋಕೆ ಬರದವರು ಕಬ್ಬಿಣ ಎತ್ತಿದ್ರೆ ಬೆನ್ನು ಹೋಗುತ್ತೆ ಕಣಮ್ಮ. ಸೊಂಟ ಬಗ್ಗಲಿ, ಬೆನ್ನು ನೆಟ್ಟಗಿರಲಿ, ಎತ್ತೋವಾಗ ಉಸಿರು ಬಿಡು" ಎಂದರು. ನೋವಾದರೆ ತಾನೇ ಮೈ ಗಟ್ಟಿಯಾಗುವುದು ಎಂದ ಹುಡುಗನೊಬ್ಬನನ್ನು ನನ್ನೆದುರೇ ಮೆಟ್ಟಿಲಿಳಿಸಿ ಕಳಿಸಿದರು. ಚಳುಕು ಹೊಡೆದರೆ ನಿಲ್ಲಿಸಬೇಕು, ಅದರಲ್ಲಿ ಶೌರ್ಯ ಏನೂ ಇಲ್ಲ ಎಂಬುದು ಆಕೆಯ ಮಾತು.

ಚಳುಕು ನನಗೂ ಹೊಡೆಯಿತು. ಮೆಟ್ಟಿಲು ಹತ್ತುವಾಗ ಅಲ್ಲ, ಇಳಿಯುವಾಗ, ಬಲ ಮೊಣಕಾಲಿನ ಚಿಪ್ಪಿನ ಕೆಳಗೆ. ನಿಧಾನಮ್ಮ ಅಲ್ಲಿ ಹೆಬ್ಬೆರಳು ಒತ್ತಿ, "ದಿನಾ ಎಷ್ಟು ಹೊತ್ತು ಮಲಗ್ತೀಯ?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

"ಮೈ ಗಟ್ಟಿಯಾಗೋದು ಇಲ್ಲಲ್ಲ ಕಣೇ, ಹಾಸಿಗೇಲಿ. ಇಲ್ಲಿ ಒಡೆಯೋ ಕೆಲಸ, ಅಲ್ಲಿ ರಿಪೇರಿ. ನೀನು ಬರೀ ಒಡೀತಾ ಇದ್ದೀಯ. ಮಧ್ಯಾಹ್ನ ಸ್ವಲ್ಪ ಮಲಗು, ಸಂಜೆ ಕಾಲು ದಿಂಬಿನ ಮೇಲಿಟ್ಟು ಐಸ್ ಇಡು, ರಾತ್ರಿ ಪೂರ್ತಿ ನಿದ್ದೆ ಮಾಡು. ಇಲ್ಲಾಂದ್ರೆ ಪರೀಕ್ಷೆ ಮರೆತುಬಿಡು."

ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಒಬ್ಬರಿಗೆ ವೈದ್ಯರು ಏನು ಹೇಳಿದರೂ ಅದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಮಾವನಿಗೆ ದಿನಾ ನಡೆಯಿರಿ ಎಂದಾಗ ನನ್ನ ಗಂಡ ನಡೆದ. ಗಂಡನಿಗೆ ಕನ್ನಡಕ ಬಂದಾಗ ಅತ್ತೆ ಹಾಕಿಕೊಂಡರು, ಅವರಿಗೆ ಹೊಂದಿತು ಕೂಡ. ಅತ್ತೆಗೆ ಸಿಹಿ ಬಿಡಿ ಎಂದ ದಿನದಿಂದ ನಾನು ಸಿಹಿ ತಿಂದಿಲ್ಲ. ಹಾಗಾಗಿ ನಾನು ನಿಧಾನಮ್ಮನ ಮಾತು ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಊಟದ ಮೇಜಿನ ಮೇಲೆ ಎರಡೂ ಕೈ ಊರಿ ತೀರ್ಪು ಕೊಟ್ಟರು.

"ಕಸರತ್ತೂ ನೀನೇ, ರೆಸ್ಟೂ ನೀನೇ ಅಂದ್ರೆ ಹೇಗೆ? ನಾವೇನು ಸತ್ತಿದ್ದೀವಾ? ಕಸರತ್ತು ನೀನು ಮಾಡು. ರೆಸ್ಟು ನಮಗೆ ಬಿಡು."

"ಮಧ್ಯಾಹ್ನದ್ದು ನಾನು ತಗೋತೀನಿ," ಎಂದ ಗಂಡ. ಬೀಗ ರಿಪೇರಿಯ ಅಂಗಡಿ ಅವನದು, ಮಧ್ಯಾಹ್ನ ಗಿರಾಕಿ ಕಡಿಮೆ.

"ರಾತ್ರೀದು ನನಗಿರಲಿ. ವಯಸ್ಸಾಗಿದೆ, ಆದ್ರೂ ನಿಭಾಯಿಸ್ತೀನಿ," ಎಂದರು ಮಾವ.

ಸಂಜೆ ಕಾಲು ಮೇಲಿಟ್ಟು ಕೂರುವ ಕಷ್ಟದ ಭಾಗವನ್ನು ಅತ್ತೆ ತಾವೇ ವಹಿಸಿಕೊಂಡರು. "ಅಡುಗೆ ಹೊತ್ತಲ್ಲಿ ಸುಮ್ನೆ ಕೂರೋದು ಅಂದ್ರೆ ಜೀವ ಕೊರಗುತ್ತೆ. ಆದ್ರೂ ನಿನಗೋಸ್ಕರ," ಎಂದರು. ಆಗ ನನಗೆ ಕಣ್ಣು ತುಂಬಿ ಬಂತು. ಸುಳ್ಳಲ್ಲ. ಎಂಥಾ ಮನೆಗೆ ಬಂದೆ ಎಂದು ನಿಜವಾಗಿಯೂ ಹೆಮ್ಮೆಪಟ್ಟೆ.

ಹೆಮ್ಮೆ ಇಳಿಯಲು ಬಹಳ ದಿನ ಬೇಕಾಗಲಿಲ್ಲ. ಗಂಡ ಮಧ್ಯಾಹ್ನ ಪರದೆ ಎಳೆದು ಮಲಗುತ್ತಿದ್ದ. ಎದ್ದ ಕೂಡಲೇ ಕಾಫಿ ಬೇಕು, ಏಕೆಂದರೆ ಅವನು ನನ್ನ ಸಲುವಾಗಿ ಮಲಗಿದ್ದು. ಅತ್ತೆಯ ಕಾಲಡಿ ದಿಂಬು ಜಾರಿದರೆ ನಾನು ಒಲೆ ಬಿಟ್ಟು ಓಡಬೇಕು. ಐಸಿನ ಚೀಲ ಯಾರಿಗೆ ಎಂಬ ಚರ್ಚೆಯಾಗಿ ಕೊನೆಗೆ ಗಂಡನ ಮೊಣಕಾಲಿಗೆ ಬಿತ್ತು, ಬಲಗಾಲಿಗೇ, ಲೆಕ್ಕ ತಪ್ಪಬಾರದಲ್ಲ. ಮಾವ ಗೊರಕೆ ಹೊಡೆಯುವಾಗ ಪಾತ್ರೆಯ ಸದ್ದಾಗಬಾರದೆಂದು ನಾನು ಒಂದೊಂದೇ ಲೋಟವನ್ನು ಬಟ್ಟೆಯಲ್ಲಿ ಸುತ್ತಿ ತೊಳೆದೆ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಎಂದು ಹಿರಿಯರು ಸುಮ್ಮನೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೊರುವವಳೂ ನಾನೇ, ಪಲ್ಲಕ್ಕಿಯವರ ಕಾಲಿಗೆ ಐಸ್ ತರುವವಳೂ ನಾನೇ.

"ಇವತ್ತು ನಿನ್ನ ಕಾಲು ಹೇಗಿದೆ?" ಎಂದು ಗಂಡ ಪ್ರೀತಿಯಿಂದ ಕೇಳುತ್ತಿದ್ದ. "ನನಗಂತೂ ತುಂಬಾ ಹಗುರ ಅನ್ನಿಸ್ತಿದೆ."

ನನ್ನ ಕಾಲು ಊದಿಕೊಂಡಿತು. ಟೈರ್ ಅಂಗಡಿಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿದೆ. ನಿಧಾನಮ್ಮ ಬಾಗಿಲಲ್ಲೇ ನಿಂತಿದ್ದರು.

"ರೆಸ್ಟ್ ತಗೊಂಡೆ ತಾನೇ?"

"ತಗೊಂಡ್ರು ಮೇಡಂ."

"ತಗೊಂಡ್ರು ಅಂದ್ರೆ?"

ಹೇಳಿದೆ. ಅವರು ಚಪ್ಪಲಿ ಹಾಕಿಕೊಂಡು ನನ್ನ ಜೊತೆ ಮನೆಗೆ ಹೊರಟರು.

ಮನೆಯಲ್ಲಿ ಸಂಜೆಯ ಪಾಳಿ ನಡೆದಿತ್ತು. ಅತ್ತೆಯ ಕಾಲು ದಿಂಬಿನ ಮೇಲೆ, ಗಂಡನ ಮೊಣಕಾಲ ಮೇಲೆ ಐಸು. ಮಾವ ರಾತ್ರಿಯ ನಿದ್ದೆಗೆ ಮುಂಚಿತವಾಗಿ ಕಣ್ಣು ಮುಚ್ಚಿ ಮೈ ಸಡಿಲ ಮಾಡಿಕೊಳ್ಳುತ್ತಿದ್ದರು. ನಿಧಾನಮ್ಮ ಗಂಡನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು. ಅವರ ಹುಬ್ಬು ಮೇಲೇರಿತು. "ಓಟಗಾರರಿಗೂ ಇಂಥ ನಾಡಿ ಇರಲ್ಲ," ಎಂದರು. ಗಂಡ ನಾಚಿಕೊಂಡ.

"ನಮ್ಮ ಕಡೆಯಿಂದ ಒಂದು ದಿನಾನೂ ತಪ್ಪಿಲ್ಲ ಮೇಡಂ. ಇವಳೇ ಕಸರತ್ತು ಸರಿಯಾಗಿ ಮಾಡ್ತಿಲ್ಲ ಅಂತ ಕಾಣುತ್ತೆ," ಎಂದ.

ನನ್ನ ತಲೆಯಲ್ಲಿ ಏನೋ ಕಿತ್ತುಹೋಯಿತು. ಅವನ ಕಾಲ ಮೇಲಿನ ಐಸಿನ ಚೀಲವನ್ನು ಎಳೆದು ಸಿಂಕಿಗೆ ಎಸೆದೆ. ಅದು ಒಡೆದು ಐಸು ಅಡುಗೆಮನೆ ತುಂಬ ಹಾರಿತು.

"ನನ್ನ ರೆಸ್ಟ್ ತಗೊಂಡ್ರಲ್ಲ, ಅದಕ್ಕೆ ಮುಂಚೆ ಬರೋ ಸುಸ್ತನ್ನ ಯಾಕ್ರೀ ನನ್ನ ಹತ್ರಾನೇ ಬಿಟ್ರಿ? ಹಂಚ್ಕೊಳ್ಳೋದಾದ್ರೆ ಅದನ್ನೂ ಹಂಚ್ಕೊಳ್ಳಿ! ಪಾತ್ರೆ ತಗೊಳ್ಳಿ, ಪೊರಕೆ ತಗೊಳ್ಳಿ, ನೀರಿನ ಕ್ಯಾನು ತಗೊಳ್ಳಿ! ನನಗೆ ಸಾಕಾಗಿದೆ. ಅಳು ಬರ್ತಿದೆ ನನಗೆ, ಅದನ್ನಾದ್ರೂ ಯಾರಾದ್ರೂ ತಗೋತೀರಾ?"

ಅತ್ತೆ ದಿಂಬಿನ ಮೇಲಿಂದ ಕಾಲು ಕೆಳಗಿಳಿಸಿದರು. ಈ ಮನೆಗೆ ಬಂದ ಮೇಲೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನಿಧಾನಮ್ಮ ಮಾತ್ರ ಮುಖದ ಗೆರೆಯೂ ಅಲುಗದಂತೆ, ಡಾಕ್ಟರ ಧಾಟಿಯಲ್ಲಿ ಹೇಳಿದರು: "ಅವಳು ಹೇಳೋದು ಸರಿ. ಸುಸ್ತಾಗದೆ ರೆಸ್ಟ್ ತಗೊಳ್ಳೋದು ಮೈ ಬಿಸಿ ಮಾಡ್ಕೊಳ್ಳದೆ ಭಾರ ಎತ್ತಿದ ಹಾಗೆ. ಬಹಳ ಅಪಾಯ. ಯಾವಾಗ ಎಲ್ಲಿ ಹಿಡ್ಕೊಳ್ಳುತ್ತೋ ಹೇಳೋಕಾಗಲ್ಲ."

ಗಂಡ ಮೆಲ್ಲಗೆ ಕುತ್ತಿಗೆ ಮುಟ್ಟಿಕೊಂಡ. "ಅದಕ್ಕೇನಾ ಮೊನ್ನೆ ಕತ್ತು ಹಿಡ್ಕೊಂಡಿದ್ದು!"

ಹೆದರಿಕೆ ಮಾಡುವ ಕೆಲಸವನ್ನು ನ್ಯಾಯ ಮಾಡುವುದಿಲ್ಲ. ಮರುದಿನದಿಂದಲೇ ಮೂವರಿಗೂ ಸುಸ್ತಿನ ತಾಲೀಮು ಶುರುವಾಯಿತು. ನಿಧಾನಮ್ಮನೇ ಬಂದು ಪಾಠ ಹೇಳಿದರು. ಗಂಡ ನೀರಿನ ಕ್ಯಾನನ್ನು ಗೂನು ಬೆನ್ನಲ್ಲಿ ಎತ್ತಲು ಹೋದಾಗ "ನಿಧಾನ!" ಎಂದು ಕೂಗಿ ಖಾಲಿ ಕ್ಯಾನು ಕೊಟ್ಟರು. ಅವನು ಖಾಲಿ ಕ್ಯಾನು ಹೊತ್ತು ಮನೆ ತುಂಬ ಓಡಾಡಿದ. ಆಮೇಲೆ ಅರ್ಧ, ಆಮೇಲೆ ತುಂಬಿದ್ದು. ಭಾರವನ್ನೂ ಸುತ್ತನ್ನೂ ಒಟ್ಟಿಗೆ ಹೆಚ್ಚಿಸಬಾರದು ಎಂಬ ನಿಯಮ ಅವನಿಗೆ ಬಹಳ ಹಿಡಿಸಿತು. ಮಾವ ಕೋಣೆಗೊಮ್ಮೆ ಕೈ ಬದಲಿಸಿ ಪೊರಕೆ ಹಿಡಿದರು. ಅತ್ತೆ ಪಾತ್ರೆ ತೊಳೆಯುವ ಮುನ್ನ ಎರಡೂ ಭುಜ ತಿರುಗಿಸಿ, ದೊಡ್ಡ ಹಂಡೆ ಎತ್ತುವಾಗ ಇಡೀ ಬೀದಿಗೆ ಕೇಳುವ ಹಾಗೆ ಉಸಿರು ಬಿಡುತ್ತಿದ್ದರು.

ಹೀಗೆ ನನ್ನ ಕೈಗೆ ಹೊತ್ತು ಸಿಕ್ಕಿತು. ಮಂಚದ ಮೇಲೆ ಮಲಗಿದೆ. ಮಲಗಲು ಬರಲಿಲ್ಲ. ಹಾಲು ಉಕ್ಕಿತೇನೋ ಅನ್ನಿಸಿ ಎದ್ದೆ. ನಲ್ಲಿ ತೊಟ್ಟಿಕ್ಕುತ್ತಿದೆಯೇ ಎಂದು ಎದ್ದೆ. ಯಾರೋ ಕರೆದರು ಎಂದು ಎದ್ದೆ, ಯಾರೂ ಕರೆದಿರಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಆಗ ಗಂಡ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಮಂಚದ ಪಕ್ಕ ಕೂತ. ಈ ವಿದ್ಯೆಯಲ್ಲಿ ಅವನಷ್ಟು ಪಳಗಿದವರು ಊರಲ್ಲೇ ಇರಲಿಲ್ಲ.

"ಮೊದಲ ದಿನವೇ ಪೂರ್ತಿ ಮಲಗೋಕೆ ಹೋಗ್ಬೇಡ, ಮೈ ಹಿಡ್ಕೊಳ್ಳುತ್ತೆ. ಇವತ್ತು ಬರೀ ಎಡಗೈ ಮಲಗಿಸು."

"ಎಡಗೈ?"

"ಹೂಂ. ಉಳಿದಿದ್ದು ಎಚ್ಚರವಾಗಿರಲಿ. ಬಾಗಿಲ ಕಡೆ ನೋಡ್ಬೇಡ. ದವಡೆ ಬಿಗಿ ಹಿಡಿದಿದ್ದೀಯ ನೋಡು, ಬಿಡು. ಅಷ್ಟೇ, ಸಾಕು, ಎದ್ದೇಳು. ನಾಳೆ ಬಲಗೈ ಸೇರಿಸೋಣ."

ನಗು ಬಂತು, ಆದರೂ ಮಾಡಿದೆ. ಬಲಗೈ ಸೇರಿತು, ಕಾಲುಗಳು ಸೇರಿದವು. ತಲೆ ಮಾತ್ರ ಬಹಳ ಸತಾಯಿಸಿತು. ಅದು ಮಲಗಿದ ಮಧ್ಯಾಹ್ನ ನಾನು ಸಂಜೆಯವರೆಗೆ ಏಳಲೇ ಇಲ್ಲವಂತೆ, ಗಂಡ ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ಕೈಸನ್ನೆಯಲ್ಲೇ ಸಾಗಹಾಕಿದನಂತೆ. ಊತ ಇಳಿಯಿತು. ನಿಧಾನಮ್ಮ ಮತ್ತೆ ಕೋಲಿನಿಂದ ಶುರುಮಾಡಿಸಿದರು, ಈ ಸಲ ನನಗೆ ಸಿಟ್ಟು ಬರಲಿಲ್ಲ.

ಪರೀಕ್ಷೆಯ ದಿನ ಬೇಲಿಯಾಚೆ ಮನೆಯವರೂ ನಿಧಾನಮ್ಮನೂ ಸಾಲಾಗಿ ನಿಂತಿದ್ದರು. ನನಗಿಂತ ಮೊದಲಿನ ಹುಡುಗ ದಪ್ಪಣ್ಣನನ್ನು ಹೊತ್ತು ಗಾಳಿಯ ಹಾಗೆ ಹೋಗಿ ಬಂದ. ಕುರ್ಚಿಯಲ್ಲಿ ಕೂತ ಮೇಲೆ ಅವನ ನಾಡಿ ಇಳಿಯಲೇ ಇಲ್ಲ. ತಲೆ ತಗ್ಗಿಸಿ ಎದ್ದುಹೋದ. ನಾನು ಸೊಂಟ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ದಪ್ಪಣ್ಣನನ್ನು ಹೆಗಲಿಗೇರಿಸಿದೆ. ಹತ್ತಿದೆ. ಇಳಿಯುವಾಗ ಮೊಣಕಾಲು ಗೊಣಗಿತು, ಚಳುಕು ಹೊಡೆಯಲಿಲ್ಲ. ಕೊನೆಯ ಮೆಟ್ಟಿಲಿಳಿದು ದಪ್ಪಣ್ಣನನ್ನು ಎಸೆಯದೆ ಮಲಗಿಸಿ, ಕುರ್ಚಿಯಲ್ಲಿ ಕೂತೆ.

ಸಾಹೇಬರು ಮಣಿಕಟ್ಟು ಹಿಡಿದರು. ಎದೆ ಡವಡವ ಎನ್ನುತ್ತಿತ್ತು. ನನ್ನ ಕಣ್ಣು ಬೇಲಿಯತ್ತ ಹೋಯಿತು. ಮಾವ ಮಾತ್ರೆ ತಗೊಂಡರೋ ಇಲ್ಲವೋ? ಮನೆ ಬಾಗಿಲು ಹಾಕಿ ಬಂದಿದ್ದಾರೋ? ಅತ್ತೆ ಏನಾದರೂ ತಿಂದರೋ? ಸಾಹೇಬರು ಗಡಿಯಾರ ನೋಡಿ ತಲೆಯಾಡಿಸಿದರು. "ಇಳೀತಿಲ್ಲಮ್ಮ." ಬೇಲಿಯಾಚೆ ಮಾವ ತಾವಾಗಿಯೇ ಜೇಬಿನಿಂದ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡರು. ಗಂಡ ನೀರಿನ ಬಾಟಲಿ ಕೊಟ್ಟ. ಅತ್ತೆ ಎಂಥದೋ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದರು. ನಾನಿಲ್ಲದೆಯೂ ಅವರಿಗೆ ಬಾಯಾರಿಕೆ ಆಗುತ್ತದೆ, ನಾನಿಲ್ಲದೆಯೂ ನೀರು ಸಿಗುತ್ತದೆ. ಇದನ್ನು ನೋಡಿ ಸಂತೋಷವಾಯಿತೋ ದುಃಖವಾಯಿತೋ ಈಗಲೂ ಗೊತ್ತಿಲ್ಲ. ಎರಡೂ ಆಯಿತು. ಕಣ್ಣು ಮುಚ್ಚಿಕೊಂಡೆ.

ಎಲ್ಲೋ ದೂರದಿಂದ ಸಾಹೇಬರ ದನಿ ಕೇಳಿಸಿತು. "ಇಳೀತು. ಪಾಸ್! ಏಳಮ್ಮ, ಮುಂದಿನವರು ಕೂರಬೇಕು."

ಏಳಬೇಕೆಂದುಕೊಂಡೆ. ಆಗ ಗೇಟು ಕಿರ್ರೆಂದಿತು, ಅತ್ತೆಯ ಚಪ್ಪಲಿಯ ಸದ್ದು ಹತ್ತಿರವಾಯಿತು.

"ಎಬ್ಬಿಸಬೇಡಿ ಸಾಹೇಬ್ರೇ. ಇಷ್ಟು ವರ್ಷ ಅವಳ ಪಾಲಿಂದೂ ನಾವೇ ಮಲಗಿದ್ದೀವಿ. ಇದು ಅವಳದೇ ನಿದ್ದೆ."

"ಕುರ್ಚಿ ಒಂದೇ ಇರೋದಮ್ಮ."

"ಇನ್ನೊಂದು ಎಲ್ಲಿದೆ ಹೇಳಿ, ನಾನು ಹೊತ್ಕೊಂಡು ಬರ್ತೀನಿ." ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, "ನೀನು ಏಳಬೇಡ ಮಗಳೇ," ಎಂದರು.

ಮದುವೆಯಾಗಿ ಬಂದಾಗಿನಿಂದ ನಾನು ಅತ್ತೆಯ ಮಾತು ಮೀರಿದವಳಲ್ಲ. ಆ ದಿನವೂ ಮೀರಲಿಲ್ಲ.