ಆಪುಸಿನ ರಸ ಮೆತ್ತಿದ ಕೈ

ಬೆಟಗೇರಿ ಬಜಾರಿನಲ್ಲಿ ಮೊಹಸಿನನ ಗಾಡಿಯ ಹಣ್ಣನ್ನು ಜನ ಮೂಸಿ ನೋಡದೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಕಾರ್ಬೈಡ್ ಪುಡಿ ಹಾಕಿ ಹಣ್ಣು ಮಾಡಿದ ಮಾವು ಅವನ ಗಾಡಿ ಹತ್ತಿದ್ದೇ ಇಲ್ಲ. ಆ ಸೊಕ್ಕೇ ಮಗಳ ಹೊಟ್ಟೆಗೆ ಮುಳುವಾಯಿತು.

ಮೂರು ವರ್ಷದ ರುಹಿಯ ಹೊಟ್ಟೆ ನಗಾರಿಯಂತೆ ಉಬ್ಬುತ್ತಿತ್ತು, ಗುಡುಗುಡು ಎನ್ನುತ್ತಿತ್ತು, ಆಮೇಲೆ ನೀರಿನಂಥ ಭೇದಿ. ಓಣಿಯ ಡಾಕ್ಟರ ಜಂತಿನ ಔಷಧ ಕೊಟ್ಟು ಕೈ ತೊಳೆದುಕೊಂಡ. ಬಂಧುಬಳಗ ನಜರ್ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿತು. ಮೊಹಸಿನನಿಗೆ ಮಾತ್ರ ಒಂದೇ ಅನುಮಾನ: ಕೂಸು ಯಾರದೋ ಗಾಡಿಯ ಪುಡಿ ಹಣ್ಣು ತಿಂದಿದೆ. ಹಾಗಾಗಿ ಹುಲ್ಲಿನಲ್ಲಿಟ್ಟು ಹಣ್ಣು ಮಾಡಿದ ಆಪುಸ್ ಮಾವನ್ನೇ ಆರಿಸಿ, ತನ್ನ ಕೈಯಾರೆ ಹಿಂಡಿ ಹಿಂಡಿ ಮಗಳ ಬಾಯಿಗಿಟ್ಟ. ಹಂಗಾಮು ಅರ್ಧಕ್ಕೆ ಬರುವಷ್ಟರಲ್ಲಿ ಕೂಸು ಕಡ್ಡಿಯಾಗಿತ್ತು.

ಗದಗಿನ ಮಕ್ಕಳ ಡಾಕ್ಟರಮ್ಮ, ಕೂಸು ಏನೇನು ತಿನ್ನುತ್ತದೆ ಎಂದು ಕೆದಕಿ ಕೆದಕಿ ಕೇಳಿದಳು.

"ಪುಡಿ ಅಲ್ಲಪಾ, ಹಣ್ಣ ಆಗೂದಿಲ್ಲ ಈಕಿಗೆ. ಹಣ್ಣಿನಾಗಿನ ಸಕ್ರಿ ಈಕಿ ಕರುಳು ಹೀರ್ಕೊಳ್ಳೂದಿಲ್ಲ. ಮಾವು, ಸೇಬು, ಜೇನುತುಪ್ಪ, ಜ್ಯೂಸು ಎಲ್ಲಾ ಬಂದ್. ಒಂದಿಷ್ಟು ವಾರ ಒಂದ್ ಹೋಳೂ ಬ್ಯಾಡ. ಹೊಟ್ಟಿ ತಣ್ಣಗಾದ ಮ್ಯಾಲೆ ಎಷ್ಟು ತಡಕೊಂತಾಳ ನೋಡೂಣು. ನಡುವ ತಪ್ಪಿತು ಅಂದ್ರ ಮತ್ತ ಮೊದಲಿಂದ."

"ನಂದು ಹಣ್ಣಿನ ಗಾಡಿರಿ ಮೇಡಂ" ಎಂದ ಮೊಹಸಿನ.

ಆಕೆ ಪೆನ್ನು ಕೆಳಗಿಟ್ಟಳು. ಅದಕ್ಕೆ ಔಷಧ ಆಕೆಯ ಹತ್ತಿರವೂ ಇರಲಿಲ್ಲ.

ಹೆಂಡತಿ ನಜಮಾ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಾಳೆ. ಕೂಸನ್ನು ಬಿಡುವುದೆಲ್ಲಿ? ಗಾಡಿಯ ಕೆಳಗೆ, ಗೋಣಿಚೀಲದ ಮೇಲೆ. ನೆತ್ತಿಯ ಮೇಲೆ ಮಾವಿನ ರಾಶಿ, ಕೈಯಲ್ಲಿ ಚುರುಮುರಿ.

"ಹಣ್ಣ ಮಾರಾಂವ ಮಗಳಿಗಿ ಚುರುಮುರಿ ತಿನಸ್ತೀಯಲ್ಲೋ! ಎಂಥಾ ಜಿಪುಣಲೇ ನೀ?" ಎಂದು ನಕ್ಕ ಸಕ್ರಪ್ಪ, ಹಳೆಯ ಗಿರಾಕಿ.

"ಆಕಿಗೆ ಹಣ್ಣ ಒಗ್ಗೂದಿಲ್ಲರಿ ಕಾಕಾ."

"ಯಾಕ? ಏನ್ ಹಾಕೀದಿ ಇದಕ್ಕ?" ಸಕ್ರಪ್ಪನ ನಗು ನಿಂತಿತು. ಕೈಯಲ್ಲಿದ್ದ ಹಣ್ಣನ್ನು ರಾಶಿಗೆ ವಾಪಸ್ ಇಟ್ಟು ನಡೆದುಬಿಟ್ಟ.

ಖರೆ ಹೇಳಿದರೆ ಗಿರಾಕಿ ಹೋಗುತ್ತಾನೆ. ಹೇಳದಿದ್ದರೆ ಕಂಡಕಂಡವರೆಲ್ಲ ಕೂಸಿನ ಬಾಯಿಗೆ ಹೋಳು ಇಡುತ್ತಾರೆ. ಯಾರ ಮೇಲೆ ಹರಿಹಾಯಬೇಕು? ಆದರೂ ಮಗಳ ಹೊಟ್ಟೆ ಒಂದಿಷ್ಟು ದಿನದಿಂದ ಸುಮ್ಮನಿತ್ತು. ಮೊನ್ನೆ ರುಹಿ ನಕ್ಕೋತ ಗಾಡಿಯ ಸುತ್ತ ಓಡಿದ್ದಳು.

ಇವತ್ತು ಮಧ್ಯಾಹ್ನ ಗದ್ದಲವೋ ಗದ್ದಲ. ಮೊಹಸಿನ ಹಣ್ಣು ಕೊಯ್ದು ಗಿರಾಕಿಗಳಿಗೆ ರುಚಿ ತೋರಿಸುತ್ತಿದ್ದ. ಬಗ್ಗಿ ನೋಡಿದಾಗ ರುಹಿಯ ಗದ್ದದ ತುಂಬ ಹಳದಿ ರಸ. ಪಕ್ಕದಲ್ಲಿ ಸೊಪ್ಪು ಮಾರುವ ಮಾಳವ್ವ ಸೆರಗಿನಿಂದ ಅದನ್ನು ಒರೆಸುತ್ತಿದ್ದಳು.

"ಏನ್ ಮಾಡಿದಿಬೇ ಯವ್ವಾ! ಹೇಳಿದ್ನಿಲ್ಲ ನಿನಗ?"

"ಎರಡ್ ಹೋಳಪಾ, ಅಷ್ಟ. ಆಸಿ ಮಾಡಿ ನೋಡಾಕತ್ತಿತ್ತು, ಕರುಳು ಚುರ್ ಅಂತು. ನಿನ್ನ ಹಣ್ಣಿನಾಗ ಪುಡಿ ಇಲ್ಲ ಅಂತ ದಿನಾ ನೀನ ಒದರ್ತಿಯಲ್ಲೋ ಮತ್ತ!"

ಆ ಮಾತು ಅವನದೇ.

ಬಿಸಿಲು ಇಳಿಯುವ ಮೊದಲೇ ಹೊಟ್ಟೆ ಉಬ್ಬಿತು. ರುಹಿ ಮೊಣಕಾಲನ್ನು ಎದೆಗೆ ಎಳೆದುಕೊಂಡು ಚೀರಿದಳು. "ಅಬ್ಬಾ, ಎತ್ಕೋ!" ಮೊಹಸಿನ ಬಗ್ಗಿದ. ಕೂಸು ಅವನ ಬೆರಳು ಹಿಡಿದು, ಅಳುತ್ತಲೇ ಬಾಯಿಗಿಟ್ಟು ಚೀಪತೊಡಗಿತು. ಅವನ ಮೊಣಕೈವರೆಗೆ ಆಪುಸಿನ ರಸ. ಅವನು ಬೆಂಕಿ ತಾಗಿದಂತೆ ಕೈ ಕಿತ್ತುಕೊಂಡ. ಬಕೀಟಿನಲ್ಲಿ ಹನಿ ನೀರಿಲ್ಲ, ನಳದ ನೀರು ಬಂದು ವಾರದ ಮೇಲಾಗಿತ್ತು. ಇದ್ದಬದ್ದ ನೀರನ್ನೆಲ್ಲ ಮಾಳವ್ವ ಸೊಪ್ಪಿಗೆ ಚಿಮುಕಿಸಿದ್ದಳು.

"ತಾ ಇಲ್ಲೆ" ಎಂದು ಮಾಳವ್ವ ಕೂಸನ್ನು ಎತ್ತಿಕೊಂಡಳು. ಅದು ಆಕೆಯ ತೋಳಿನಿಂದ ಜಿಗಿಯುತ್ತ ಅಪ್ಪನ ಕಡೆಗೇ ಕೈ ಚಾಚಿತು. ಮೊಹಸಿನ ಎರಡೂ ಕೈ ಮೇಲಕ್ಕೆತ್ತಿ, ಪೊಲೀಸರಿಗೆ ಸಿಕ್ಕ ಕಳ್ಳನಂತೆ ನಿಂತ.

"ಏ ತಮ್ಮಾ, ಆಪುಸ ಹೆಂಗದಾವ? ಸಿಹಿ ಅದಾವಿಲ್ಲ?" ಹೊಸ ಗಿರಾಕಿ ಕೇಳಿದ.

"ಅದಾವರಿ" ಎಂದ ಮೊಹಸಿನ. "ಭಾಳ ಸಿಹಿ ಅದಾವ."