ಮೂರು ಗುಂಡಿ ಉಳಿದಾಗ

ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ಕಾಲವೂ ಮಾವನಿಗೆ ‘ರೇಡಿಯೋ’ ಎಂದೇ ಹೆಸರು. ಹತ್ತಿದವರ ಕೆಲಸ, ಮಕ್ಕಳ ಓದು, ಮೊಣಕಾಲ ನೋವು ಎಲ್ಲವನ್ನೂ ವಿಚಾರಿಸದೆ ಅವರ ಕೈಯಿಂದ ಟಿಕೆಟ್ ಹರಿಯುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಅಷ್ಟೂ ಪ್ರಯಾಣಿಕರ ಪಾಲಿನ ಮಾತು ಸೊಸೆ ಒಬ್ಬಳ ತಲೆಯ ಮೇಲೇ ಬಿತ್ತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಪರದೆ, ಸೋಫಾ ಕವರ್ ಹೊಲಿಯುವವಳು. ಮಾತು ಕಡಿಮೆ. “ಹೌದಾ ಮಾವ,” “ಅಯ್ಯೋ ಪಾಪ,” ಈ ಎರಡರಲ್ಲೇ ದಿನ ದೂಡುತ್ತಿದ್ದಳು. ತೀರಾ ಸಾಕೆನಿಸಿದರೆ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದಳು. ಅವರು ದನಿ ಏರಿಸಿ ಮುಂದುವರಿಸುತ್ತಿದ್ದರು.

ಅಂಥವರಿಗೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕಾಲು ತಕ್ಕಮಟ್ಟಿಗೆ ನಡೆಯುತ್ತಿತ್ತು, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು, ಮಾತು ಮಾತ್ರ ಹೋಗೇಬಿಟ್ಟಿತ್ತು. “ಎಲ್ಲಾ ಅರ್ಥ ಆಗುತ್ತೆ ಅವರಿಗೆ. ಹೇಳೋಕೆ ಪದ ಸಿಗಲ್ಲ, ಅಷ್ಟೆ,” ಎಂದರು ಡಾಕ್ಟರು. ಆ ‘ಅಷ್ಟೆ’ ಎಷ್ಟು ದೊಡ್ಡದೆಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಗೋಡೆಗಳಿಗೆ ಬಣ್ಣ ಬಳಿಯುವ ಮಗ ಬೆಳಿಗ್ಗೆ ಏಣಿ ಹೊತ್ತು ಹೋದರೆ ಬರುವುದು ಸಂಜೆಗೆ. ಉಳಿದವರು ಇಬ್ಬರು, ಮತ್ತು ಮೆಷಿನ್ನು. ಅವಳು ಈಗ ಅದನ್ನು ಮೆಲ್ಲಗೆ ತುಳಿಯುತ್ತಿದ್ದಳು, ಎಲ್ಲಿ ಅವರು ಏನಾದರೂ ಅಂದಾರೋ, ತನಗೆ ಕೇಳದೆ ಹೋದೀತೋ ಎಂದು.

ಒಂದು ದಿನ ಅಡಿಗೆಮನೆಯಿಂದ ಬಂದು ನೋಡುತ್ತಾಳೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಲ್ಲ ಗೀಚಾಟ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಮಾವನ ಎಡಗೈಯಲ್ಲಿತ್ತು. “ಬಿಳಿ ಬಟ್ಟೆ ಹಾಸ್ಬೇಕು ಮಾವ ಇಲ್ಲಿ,” ಎಂದು ಒರೆಸಿದಳು. ಮಧ್ಯಾಹ್ನ ಮತ್ತೆ ಗೀಚಿದರು. ಮತ್ತೆ ಒರೆಸಿದಳು. ಮರುದಿನ ಬೆಳಿಗ್ಗೆ ಗೆರೆಗಳು ಮತ್ತೆ ಹಾಜರ್, ಜೊತೆಗೆ ಗುಂಡಿಗಳ ಡಬ್ಬಿಯೂ ಬೋರಲಾಗಿತ್ತು. ಬೈಯಲು ಬಾಯಿ ತೆರೆದವಳು ಮಾವನ ಮುಖ ನೋಡಿ ಸುಮ್ಮನಾದಳು. ತಲೆ ಕೆಟ್ಟವರ ಮುಖ ಅದಲ್ಲ. ಎದುರಿನ ಸ್ಟೂಲನ್ನು ಕಾಲಿನಿಂದ ಅವಳತ್ತ ತಳ್ಳಿ, ಕೂತ್ಕೋ ಎನ್ನುವಂತೆ ನೋಡುತ್ತಿದ್ದರು.

ಕೂತು ನೋಡಿದಾಗ ಗೀಚಾಟವಲ್ಲ, ಚಿತ್ರವೆಂದು ತಿಳಿಯಿತು. ಒಂದರೊಳಗೊಂದು ಮೂರು ಚೌಕ. ಪ್ರತಿ ಬದಿಯ ನಡುವೆ ಒಂದು ಗೆರೆ ಹೊರಚೌಕದಿಂದ ಒಳಚೌಕಕ್ಕೆ ಬಂದು ಮುಟ್ಟಿತ್ತು. ಎಡಗೈ ಗೆರೆ, ಎಲ್ಲವೂ ಸೊಟ್ಟಂಬಟ್ಟ. ಅವಳಿಗೆ ಒಂಬತ್ತು ಬಿಳಿ ಗುಂಡಿ ಕೊಟ್ಟು, ತಾವು ಒಂಬತ್ತು ಕಪ್ಪು ಇಟ್ಟುಕೊಂಡರು. ಒಂದು ಕಪ್ಪು ಗುಂಡಿಯನ್ನು ಮೂಲೆಯಲ್ಲಿಟ್ಟು ಅವಳತ್ತ ನೋಡಿದರು.

“ಆಟನಾ ಮಾವ? ನನಗೆ ಬರಲ್ಲ.”

ಅವರು ಹುಬ್ಬು ಹಾರಿಸಿದರು. ಬರದಿದ್ದರೆ ಕಲಿ ಎಂದರ್ಥ.

ಹೇಳಿಕೊಡುವವರಿಗೆ ಮಾತಿಲ್ಲ, ಕಲಿಯುವವಳಿಗೆ ತಲೆಬುಡ ತಿಳಿಯದು. ಅವಳು ಚೌಕದ ಹೊಟ್ಟೆಯೊಳಗೆ ಗುಂಡಿ ಇಟ್ಟರೆ ಅವರು ಎತ್ತಿ ಗೆರೆಗಳು ಕೂಡುವ ಜಾಗದಲ್ಲಿಟ್ಟರು. ಓ, ಮೂಲೆ ಮತ್ತು ಕೂಡುವ ಜಾಗಗಳೇ ಮನೆಗಳು. ಒಬ್ಬರಾದ ಮೇಲೆ ಒಬ್ಬರು ಇಡಬೇಕು. ಮಾವನ ಮೂರು ಗುಂಡಿ ಒಂದೇ ಗೆರೆಯಲ್ಲಿ ಸಾಲಾಗಿ ಕೂತಾಗ ಅವರು ಮೇಜು ಕುಟ್ಟಿ, ಅವಳದೊಂದು ಬಿಳಿ ಗುಂಡಿಯನ್ನು ತೆಗೆದು ಜೇಬಿಗೆ ಹಾಕಿದರು. ಅವಳೂ ಹೆಣಗಾಡಿ ಒಂದು ಸಾಲು ಮಾಡಿ, ಅವರ ಸಾಲಿನೊಳಗಿನ ಗುಂಡಿಗೇ ಕೈ ಹಾಕಿದಾಗ ಮಣಿಕಟ್ಟು ಹಿಡಿದರು. ಕಟ್ಟಿದ ಸಾಲನ್ನು ಮುಟ್ಟುವಂತಿಲ್ಲ, ಒಂಟಿಯಾಗಿರುವುದನ್ನು ತೆಗೆದುಕೋ. ಗುಂಡಿಗಳೆಲ್ಲ ಕೂತಾದ ಮೇಲೆ ಗೆರೆ ಹಿಡಿದು ಪಕ್ಕದ ಖಾಲಿ ಮನೆಗೆ ಜರುಗಿಸುವುದು, ಬಿಚ್ಚುವುದು, ಮತ್ತೆ ಸಾಲು ಕಟ್ಟುವುದು. ಎರಡೇ ಗುಂಡಿ ಉಳಿದವರಿಗೆ ಸೋಲು. ಇಷ್ಟು ತಿಳಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಅಂದಿನಿಂದ ಊಟವಾದ ಮೇಲೆ ಇದೇ ಕೆಲಸ. ಸೋಲುವುದು ಅವಳಿಗೆ ಅಭ್ಯಾಸವೇ ಆಯಿತು. ಮೂರ್ನಾಲ್ಕು ಗುಂಡಿಗೆ ಇಳಿಯುತ್ತಿದ್ದಂತೆ, “ಆಯ್ತು ಮಾವ, ಸೋತೆ. ಪರದೆ ಕೊಡೋದಿದೆ,” ಎಂದು ಎಲ್ಲವನ್ನೂ ಡಬ್ಬಿಗೆ ಸುರಿದು ಏಳುತ್ತಿದ್ದಳು. ಅವರು ಎಷ್ಟೋ ಸಲ ಅವಳ ಗುಂಡಿಗಳ ಮೇಲೆ ಕೈ ಅಡ್ಡ ಇಟ್ಟು ತಡೆಯುತ್ತಿದ್ದರು. ಇನ್ನೊಂದಾಟ ಬೇಕೇನೋ ಎಂದುಕೊಂಡು ಅವಳು ನಕ್ಕುಬಿಡುತ್ತಿದ್ದಳು.

ಆದರೆ ಕಲಿತ ಕೈ ಎಂದಾದರೂ ಗೆಲ್ಲಲೇಬೇಕಲ್ಲ. ಒಂದು ಮಧ್ಯಾಹ್ನ ಅವಳ ಆಟ ಕುದುರಿತು. ಮಾವನ ಕಪ್ಪು ಗುಂಡಿಗಳು ಒಂದೊಂದಾಗಿ ಅವಳ ಕಡೆ ಬಂದು ಮೂರೇ ಉಳಿದವು. ಇನ್ನೊಂದು ತೆಗೆದರೆ ಗೆದ್ದೆ ಎಂದು ಅವಳು ಸ್ಟೂಲಿನ ತುದಿಗೆ ಸರಿದಳು. ಆಗ ಅವರು ಮೂಲೆಯಲ್ಲಿದ್ದ ಗುಂಡಿಯನ್ನು ಎತ್ತಿ, ಇಡೀ ಚೌಕ ದಾಟಿಸಿ, ಆಚೆ ಬದಿಯ ಖಾಲಿ ಮನೆಯಲ್ಲಿ ಕೂರಿಸಿದರು.

“ಅಲ್ಲಿಗೆ ದಾರಿನೇ ಇಲ್ವಲ್ಲ ಮಾವ,” ಎಂದು ಅವಳು ಗುಂಡಿಯನ್ನು ಹಿಂದಕ್ಕಿಟ್ಟಳು.

ಅವರು ಮತ್ತೆ ಅಲ್ಲಿಗೇ ಇಟ್ಟರು. ಅವಳು ಮತ್ತೆ ಹಿಂದಕ್ಕೆ. “ಸೋಲೋಕೆ ಬಂದಾಗ ನಿಯಮ ಬದಲಾಯಿಸಿದ್ರೆ ಹೇಗೆ? ಇದು ಮೋಸ.”

ಅವರು ಬಾಯಿ ತೆರೆದರು. ತುಟಿ ನಡುಗಿತು, ಕುತ್ತಿಗೆಯ ನರ ಉಬ್ಬಿತು, ಬಂದದ್ದು ಬರೀ ಉಸಿರು. ಮೂರು ಬೆರಳು ತೋರಿಸಿದರು, ಕೈಯನ್ನು ಗಾಳಿಯಲ್ಲಿ ಆಡಿಸಿದರು, ಮತ್ತೆ ಮೂರು ಬೆರಳು. ಅವಳಿಗೆ ಅರ್ಥವಾಗಲಿಲ್ಲ. ಕಡೆಗೆ ಗುಂಡಿಗಳನ್ನೆಲ್ಲ ನೆಲಕ್ಕೆ ಗುಡಿಸಿ, ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವಳು ಮೇಜಿನ ಕೆಳಗೆ ಕೂತು ಗುಂಡಿ ಆರಿಸಿದಳು. ಮೋಸ ಎಂಬ ಮಾತು ಬಾಯಿಂದ ಜಾರಿಬಿಟ್ಟಿತ್ತು. ಅದೂ ಅಲ್ಲ ಎನ್ನಲೂ ಬಾಯಿಲ್ಲದವರಿಗೆ. ಸಂಜೆ ಟೀ ಇಟ್ಟರೆ ಅವರು ಮುಟ್ಟಲಿಲ್ಲ.

ಮರುದಿನ ಪಕ್ಕದ ಮನೆಯಾಕೆಗೆ ಮಾವನನ್ನು ನೋಡಿಕೊಳ್ಳಲು ಹೇಳಿ, ಅವಳು ಮಾವನ ಹಳೆಯ ಡ್ರೈವರನ್ನು ಹುಡುಕಿಕೊಂಡು ಹೋದಳು. ಮಾವ ಸರ್ವೀಸಿನ ಬಹುಪಾಲು ಕಳೆದದ್ದು ಅವರೊಟ್ಟಿಗೇ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಒಮ್ಮೆ ನೋಡಲು ಬಂದು, ಕಿವುಡರೊಡನೆ ಮಾತಾಡುವಂತೆ ಕೂಗಿ ಕೂಗಿ ಮಾತಾಡಿ ಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅವರು ಮನೆಯ ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು.

“ಮೂರು ಚೌಕದ ಆಟ ನಿಮಗೆ ಬರುತ್ತಾ, ಡ್ರೈವರ್ ಮಾವ?”

“ಬರುತ್ತಾ ಅಂತೀಯಲ್ಲಮ್ಮ. ಟ್ರಿಪ್ಪಿನ ಮಧ್ಯೆ ಎಂಜಿನ್ ಮುಚ್ಚಳದ ಮೇಲೆ ಆಡಿ ಆಡಿ ಅದರ ಬಣ್ಣನೇ ಹಾರಿಸಿದ್ವಿ.”

ಅವಳು ನಡೆದದ್ದನ್ನು ಹೇಳಿದಳು. ಡ್ರೈವರ್ ಸುತ್ತಿಗೆ ಕೆಳಗಿಟ್ಟರು.

“ಮೋಸ ಅಲ್ಲ ಕಣಮ್ಮ, ಅದೇ ನಿಯಮ. ಮೂರೇ ಉಳಿದೋರು ಗೆರೆ ಹಿಡಿದು ಹೋಗ್ಬೇಕಾಗಿಲ್ಲ. ಯಾವ ಖಾಲಿ ಮನೆಗೆ ಬೇಕಾದ್ರೂ ಹಾರಬಹುದು. ನಿನಗೆ ಮೂರು ಉಳಿದಾಗ ಹಾರೋದು ತೋರಿಸ್ಲಿಲ್ವಾ ಅವನು?”

“ಅಷ್ಟು ಹೊತ್ತಿಗೆ ನಾನು ಎದ್ದುಬಿಡ್ತಿದ್ದೆ.”

“ಅಯ್ಯೋ, ಆಟ ಮಜಾ ಬರೋದೇ ಅಲ್ಲಿಂದ.”

ಮಾವ ಕೈ ಅಡ್ಡ ಇಟ್ಟದ್ದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಹೊರಡುವ ಮೊದಲು ಕೇಳಿದಳು: “ನೀವು ಯಾಕೆ ಮತ್ತೆ ಬರಲೇ ಇಲ್ಲ?”

ಡ್ರೈವರ್ ಚಪ್ಪಲಿಯನ್ನು ತಿರುಗಿಸಿ ನೋಡಿದರು. “ಬಸ್ಸಲ್ಲಿ ನಾನು ಒಂದು ಮಾತೂ ಆಡ್ತಿರ್ಲಿಲ್ಲಮ್ಮ. ಅವನೇ ಆಡೋನು. ಈಗ ಎದುರಿಗೆ ಕೂತು ಏನು ಮಾಡ್ಲಿ?”

“ಗುಂಡಿ ಜರುಗಿಸಿ. ಅದಕ್ಕೆ ಮಾತು ಬೇಡ.”

ಮನೆಗೆ ಬಂದವಳೇ ತಾನೇ ಚೌಕ ಬರೆದಳು. ನೆನಪಿದ್ದಷ್ಟು ಮಟ್ಟಿಗೆ ನಿನ್ನೆಯ ಆಟವನ್ನು ಜೋಡಿಸಿ, ಮಾವನ ಮೂರು ಗುಂಡಿಯನ್ನು ಅವುಗಳ ಜಾಗದಲ್ಲಿಟ್ಟಳು. ಹಾಸಿಗೆಯ ಹತ್ತಿರ ಹೋಗಿ, “ತಪ್ಪಾಯ್ತು ಮಾವ. ಡ್ರೈವರ್ ಮಾವನ್ನ ಕೇಳ್ಕೊಂಡು ಬಂದೆ. ಬನ್ನಿ, ಹಾರಿ,” ಎಂದಳು.

ಅವರು ಬಹಳ ಹೊತ್ತು ಹೊರಳಲಿಲ್ಲ. ಆಮೇಲೆ ಎದ್ದು ಬಂದು ಕೂತರು. ಹಾರಿದರು. ಸಾಲು ಕಟ್ಟಿದರು, ಮತ್ತೆ ಹಾರಿದರು. ಗೆದ್ದೇ ಬಿಟ್ಟೆ ಎಂದುಕೊಂಡಿದ್ದವಳು ನೋಡನೋಡುತ್ತಿದ್ದಂತೆ ಸೋತಳು. ಮಾವನ ಹೆಗಲು ಕುಲುಕುತ್ತಿತ್ತು. ಗಾಬರಿಯಾಗಿ ನೋಡಿದರೆ ಅವರು ನಗುತ್ತಿದ್ದರು. ಹೊಸದಾಗಿ ಟೀ ಮಾಡಿ ತಂದುಕೊಟ್ಟಳು, ಕುಡಿದರು.

ಹಾರುವುದು ಗೊತ್ತಾದ ಮೇಲೆ ಅವಳು ಆಗಾಗ ಗೆಲ್ಲತೊಡಗಿದಳು, ಕೊಬ್ಬೂ ಬಂತು. ಒಂದು ದಿನ ಮಾವ ಕಿಟಕಿಯಾಚೆ ನೋಡುತ್ತಿದ್ದಾಗ, ತನಗಿನ್ನೂ ಐದು ಗುಂಡಿ ಇರುವಾಗಲೇ ಒಂದನ್ನು ಸದ್ದಿಲ್ಲದೆ ಹಾರಿಸಿದಳು.

“ಕಳ್ಳಿ,” ಎಂದರು ಮಾವ.

ಆ ಮಾತು ತಮ್ಮ ಬಾಯಿಂದಲೇ ಬಂತೇ ಎಂಬಂತೆ ಅವರು ತುಟಿ ಮುಟ್ಟಿ ನೋಡಿಕೊಂಡರು. “ಇನ್ನೊಂದ್ಸಲ ಅನ್ನಿ ಮಾವ,” ಎಂದಳು. ಎಷ್ಟು ತಿಣುಕಿದರೂ ಬರಲಿಲ್ಲ. ಸಂಜೆ ಗಂಡ ಬಂದಾಗ ಏಣಿ ಇಳಿಸುವ ಮೊದಲೇ ವಿಷಯ ಹೇಳಿದಳು. ಅವನು ಬಣ್ಣದ ಕೈಯಲ್ಲೇ ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಅವಳಿಗಷ್ಟೇನಾ? ನನಗೂ ಏನಾದ್ರೂ ಬೈಯಪ್ಪ,” ಎಂದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಉಸಿರು ಕಟ್ಟಿ, “ಹೋಗೋ,” ಎಂದರು. ಅವನು ನಗುತ್ತಲೇ ಎದ್ದು ಬಚ್ಚಲಿಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು.

ಆಮೇಲೆ ಕೆಲವು ಮಾತು ಮರಳಿದವು. ಬಾ, ನೀರು, ಸಾಕು, ಮತ್ತು ಹೆಚ್ಚಾಗಿ ಬೈಗುಳ. ಬಾಕಿಯವು ಬರಲಿಲ್ಲ. ಡ್ರೈವರ್ ಮಾತ್ರ ಊಟ ಮುಗಿಸಿ ದಿನಾ ಬರತೊಡಗಿದರು. ಇಬ್ಬರೂ ಮೇಜಿನ ಒಂದು ತುದಿ ಹಿಡಿದು ಕೂರುತ್ತಿದ್ದರು, ಅವಳು ಇನ್ನೊಂದು ತುದಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದಳು. ಮಾತು ಕಡಿಮೆಯಿದ್ದ ಡ್ರೈವರೇ ಈಗ ಊರ ಸುದ್ದಿಯನ್ನೆಲ್ಲ ಹೇಳಬೇಕಾಗಿ ಬಂದಿತ್ತು. ಒಂದು ದಿನ ಸಾಲಾಗಿ ಎರಡಾಟ ಸೋತು ಬೇಸರದಲ್ಲಿ ಕೇಳಿದರು:

“ಅಲ್ಲಯ್ಯಾ, ನಿಜ ಹೇಳು. ನಿನ್ನ ಎದುರಿಗೆ ಕೂತು ಆಡಿದೋರಲ್ಲಿ ಯಾರು ಗಟ್ಟಿ?”

ಮಾವ ಹೆಚ್ಚು ಯೋಚಿಸಲಿಲ್ಲ. ಗದ್ದ ಎತ್ತಿ ಸೊಸೆಯ ಕಡೆ ತೋರಿಸಿದರು.

ಅವಳದನ್ನು ಕಂಡೂ ಕಾಣದವಳಂತೆ ಬಟ್ಟೆಯ ಅಂಚು ಮಡಿಸಿ ಸೂಜಿಯ ಕೆಳಗಿಟ್ಟು, ಮೆಷಿನ್ ತುಳಿದಳು.